ನರ ಸಿಗಬೇಕಾದರೆ ಬೆರಳು ಬೆಚ್ಚಗಿರಬೇಕು

ಡಿಸೆಂಬರ್ ೧೭, ಬುಧವಾರ, ಬೆಳಗ್ಗೆ ಐದೂವರೆ. ಸುಬ್ರಹ್ಮಣ್ಯಪುರದ ನಮ್ಮ ಮನೆ ಮುಂದೆ ಬೈಕ್ ಸ್ಟಾರ್ಟ್ ಮಾಡುವ ಮೊದಲು, ಕೈಗೆ ಏನೇನು ಹಾಕಿಕೊಂಡೆ ಎಂದು ಬರೆದಿಟ್ಟೆ: ಒಳಗೆ ಸಡಿಲವಾದ ಉಲ್ಲನ್ ಗ್ಲೌಸ್, ಅದರ ಮೇಲೆ ಲಾರ್ಜ್ ಸೈಜಿನ ರಬ್ಬರ್ ಗ್ಲೌಸ್. ಹಿಂದಿನ ದಿನ ಇದನ್ನೇ ತಿರುಗಾಮುರುಗಾ ಹಾಕಿಕೊಂಡಿದ್ದೆ.

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವುದು ನನ್ನ ಕೆಲಸ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು, ಅದರಲ್ಲೂ ಜಯನಗರದ ನಿವೃತ್ತರು, ಆರು ಗಂಟೆಗೇ ಬಾಗಿಲು ತೆಗೆದು ಕಾಯುತ್ತಾರೆ. ನಾನು ಹೋಗಿ ಬರುವ ತನಕ ಅವರಿಗೆ ಕಾಫಿ ಇಲ್ಲ. ನರವನ್ನು ಕಣ್ಣಿಗಿಂತ ಬೆರಳ ತುದಿಯೇ ಚೆನ್ನಾಗಿ ಹುಡುಕುತ್ತದೆ. ಬೆರಳು ಮರಗಟ್ಟಿತೆಂದರೆ ಬರೀ ಅಂದಾಜಿನಲ್ಲಿ ಚುಚ್ಚಬೇಕು.

ಮಂಗಳವಾರ ಆದದ್ದೂ ಅದೇ. ರಬ್ಬರ್ ಗ್ಲೌಸನ್ನು ಒಳಗೆ ಹಾಕಿ ಮೇಲೆ ಉಲ್ಲನ್ ಎಳೆದುಕೊಂಡಿದ್ದೆ. ನಮ್ಮ ಕೆಲಸದಲ್ಲಿ ರಬ್ಬರ್ ಗ್ಲೌಸ್‌ಗೆ ಬರವಿಲ್ಲ, ತೆಳ್ಳಗಿರುವುದು ಒಳಗಿರಲಿ ಎಂದು ಕೈ ತಾನಾಗಿಯೇ ಅದನ್ನು ಮೊದಲು ಹಾಕಿಕೊಳ್ಳುತ್ತದೆ. ಬನಶಂಕರಿ ಬರುವಷ್ಟರಲ್ಲಿ ಒಳಗೆಲ್ಲ ಬೆವರಿತು. ಉಲ್ಲನ್ನಿನ ಕಣ್ಣುಗಳಲ್ಲಿ ಗಾಳಿ ನುಗ್ಗಿತು. ಒದ್ದೆ ಬೆರಳು ಕೊರೆಯತೊಡಗಿತು. ಜಯನಗರದ ಆಂಟಿಯೊಬ್ಬರ ಕೈಗೆ ಎರಡು ಸಲ ಚುಚ್ಚಿದೆ, ಎರಡು ಸಲವೂ ನರ ಜಾರಿಕೊಂಡಿತು. ಮುಂದಿನ ವಾರ ಅವರಿಗೆ ಕಣ್ಣಿನ ಆಪರೇಷನ್. ಶುಗರ್ ರಿಪೋರ್ಟ್ ಇಲ್ಲದೆ ಡಾಕ್ಟರು ದಿನ ಗೊತ್ತುಮಾಡುವುದಿಲ್ಲ.

"ನಾಳೆ ಒಂದೇ ಒಂದು ಸಲ ಕಣಮ್ಮಾ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ, ಬೇಜಾರು ಮಾಡ್ಕೋಬೇಡ," ಎಂದಿದ್ದರು ಆಂಟಿ.

ಆ ತಿಂಗಳು ನಾನು ಬರಿಗೈಯಲ್ಲಿ ವಾಪಸು ಬಂದ ಮನೆ ಅದೊಂದೇ.

ಬುಧವಾರ ಅವರ ಗೇಟಿನ ಮುಂದೆ ಗ್ಲೌಸ್ ಬಿಚ್ಚಿ ನೋಡಿಕೊಂಡೆ. ಗಾಳಿಯನ್ನು ರಬ್ಬರು ಹೊರಗೇ ತಡೆದಿತ್ತು. ಬೆರಳು ಒಣಗಿತ್ತು, ಬೆಚ್ಚಗಿತ್ತು. ಇವತ್ತು ಸಿಗುತ್ತದೆ ಎಂದುಕೊಂಡೇ ಒಳಗೆ ಹೋದೆ.

ಆದರೆ ಧನುರ್ಮಾಸ ಶುರುವಾಗಿತ್ತು. ಆಂಟಿ ಆಗಷ್ಟೇ ನಲ್ಲಿ ನೀರಲ್ಲಿ ಬಾಗಿಲು ತೊಳೆದು ರಂಗೋಲಿ ಬಿಟ್ಟು ಬಂದು ಕೂತಿದ್ದರು. ಅವರ ತೋಳು ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗಿತ್ತು. ಪಟ್ಟಿ ಬಿಗಿದರೂ ನರ ಮೇಲೇಳಲಿಲ್ಲ. ಪಟ್ಟಿ ಬಿಚ್ಚಿದೆ. ಸೂಜಿ ತೆಗೆಯದೆ ಅವರ ತೋಳನ್ನು ನನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಸುಮ್ಮನೆ ಕೂತೆ.

ಪೇಪರ್ ಓದುತ್ತಿದ್ದ ಅಂಕಲ್ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ರಕ್ತ ತೆಗೀತೀಯೋ, ಕೈ ನೋಡಿ ಭವಿಷ್ಯ ಹೇಳ್ತೀಯೋ?"

"ನೀವು ಸುಮ್ನಿರಿ," ಎಂದರು ಆಂಟಿ. "ಮದುವೆ ಆದಾಗಿಂದ ನೀವು ಇಷ್ಟು ಹೊತ್ತು ಹಿಡ್ಕೊಂಡಿಲ್ಲ."

"ಹಿಡ್ಕೊಳಕ್ಕೆ ಬಿಟ್ಟಿದ್ರೆ ತಾನೇ? ಯಾವಾಗ್ಲೂ ಸೌಟು ಇರ್ತಿತ್ತು ಆ ಕೈಲಿ."

ನಗುವಿಗೆ ಆಂಟಿಯ ಭುಜ ಸಡಿಲವಾಯಿತು. ತೋಳಿಗೆ ನಿಧಾನವಾಗಿ ಬಿಸಿ ಹತ್ತಿತು. ಮತ್ತೆ ಪಟ್ಟಿ ಬಿಗಿದು ಬೆರಳಾಡಿಸಿದೆ. ಮೊಣಕೈ ಮಡಿಕೆಯ ಒಳಗೆ, ನಿನ್ನೆ ಚುಚ್ಚಿದ ಜಾಗಕ್ಕಿಂತ ಸ್ವಲ್ಪ ಆಚೆ, ಶಾವಿಗೆ ಎಳೆಯಂಥದ್ದೊಂದು ಬೆರಳಿಗೆ ಎದ್ದು ಬಂತು. ಕಣ್ಣಿಗೆ ಈಗಲೂ ಕಾಣುತ್ತಿರಲಿಲ್ಲ. ಹೊಸ ಗ್ಲೌಸ್ ಹಾಕಿಕೊಂಡು ಸ್ಪಿರಿಟ್ ಒರೆಸಿ, ಒಂದೇ ಸಲ ಚುಚ್ಚಿದೆ. ಟ್ಯೂಬಿಗೆ ರಕ್ತ ಸರಾಗವಾಗಿ ಇಳಿಯಿತು.

"ಆಯ್ತಾ? ಗೊತ್ತೇ ಆಗ್ಲಿಲ್ವಲ್ಲೇ," ಎಂದರು ಆಂಟಿ, ಹತ್ತಿ ಒತ್ತಿಕೊಳ್ಳುತ್ತಾ. "ರೀ, ಹಾಲು ಕಾಯಿಸಿ. ಅವಳಿಗೂ ಒಂದು ಲೋಟ."

ಅಂದಿನಿಂದ ಚಳಿ ಮುಗಿಯುವ ತನಕ ಉಲ್ಲನ್ ಒಳಗೆ, ರಬ್ಬರ್ ಹೊರಗೆ. ಯಾವ ಮನೆಯಲ್ಲೂ ಎರಡನೇ ಸಲ ಚುಚ್ಚಬೇಕಾಗಲಿಲ್ಲ. ಕ್ಲಚ್ ಹಿಡಿಯುವ ಎಡಗೈಯ ಕಿರುಬೆರಳು ಮಾತ್ರ, ಎಷ್ಟು ಮುಚ್ಚಿದರೂ, ಈಗಲೂ ಜೋಮು ಹಿಡಿಯುತ್ತದೆ. ಬಲಗೈಗೆ ಹೀಗಾಗುವುದಿಲ್ಲ. ಕಾರಣ ಬಲ್ಲವರು, ಇದಕ್ಕೊಂದು ದಾರಿ ಕಂಡುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ.