ಪರದೆಯ ಮೇಲೆ ಮನೆಯವರ ಪಾಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಗೆರೆಯಕ್ಕ ತೋಳು ಮಡಿಸಿ ಕುರ್ಚಿ ಎಳೆದುಕೊಳ್ಳುತ್ತಾರೆ. ಗಾಜಿನಾಚೆ ಯಂತ್ರಗಳು ಬಾಯಿ ತೆರೆದು ಮುಚ್ಚುತ್ತ, ಔಷಧಿ ಅಳೆಯುವ ಪುಟ್ಟ ಪ್ಲಾಸ್ಟಿಕ್ ಲೋಟಗಳನ್ನು ಉದುರಿಸುತ್ತಿವೆ. ಎದುರಿನ ಪರದೆಗಳ ಮೇಲೆಲ್ಲ ಒಮ್ಮೆ ಕಣ್ಣಾಡಿಸಿದ ಮೇಲೆ ಅವರ ನೋಟ ಮೂಲೆಯ ಒಂದರಲ್ಲಿ ನಿಲ್ಲುತ್ತದೆ. ಅದು ಈ ಕಾರ್ಖಾನೆಯದಲ್ಲ. ಇದೇ ಕಂಪನಿಯ ಇನ್ನೊಂದು ಕಾರ್ಖಾನೆಯದು, ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ; ಅಲ್ಲಿನ ಯಂತ್ರಗಳನ್ನೂ ಕಾಯುವುದು ಇಲ್ಲಿಂದಲೇ. ಅಲ್ಲಿ ಯಂತ್ರದ ಮುಂದೆ ನಿಂತಿರುವವರು ಅವರ ಗಂಡ.

"ನೋಡಿ, ಬಂದ್ರು," ಎನ್ನುತ್ತಾರೆ. ಪರದೆಯಲ್ಲಿ ಮನುಷ್ಯರು ಯಾರೂ ಕಾಣುವುದಿಲ್ಲ. ಮಲಗಿದ್ದ ಹಸಿರು ಗೆರೆಯೊಂದು ಎದ್ದು ಗುಡ್ಡ ಹತ್ತಿ ಇಳಿದಿದೆ, ಅಷ್ಟೇ. "ನಮ್ಮನೆಯವರು ಮೊದ್ಲು ಅಚ್ಚು ಒರೆಸ್ತಾರೆ. ಆಮೇಲೇ ಯಂತ್ರ ಚಾಲೂ. ಅಲ್ಲೀವರೆಗೂ ಗೆರೆ ಮಲಗಿರುತ್ತೆ. ನಾನೂ ಉಸಿರು ಹಿಡ್ಕೊಂಡಿರ್ತೀನಿ."

ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರ ಉಕ್ಕಿನ ಅಚ್ಚಿನೊಳಕ್ಕೆ ಒತ್ತುತ್ತದೆ. ಒಳಗೆ ಏನಾಯಿತೆಂದು ಮೊದಲೆಲ್ಲ ಅಚ್ಚು ತೆರೆದ ಮೇಲೇ ತಿಳಿಯುತ್ತಿತ್ತು. ಈಗ ಅಚ್ಚಿನ ಗೋಡೆಯಲ್ಲಿ ಅಂಗಿಯ ಗುಂಡಿಗಿಂತ ಚಿಕ್ಕ ಸೆನ್ಸರ್ ಕೂತು, ಒಳಗಿನ ಒತ್ತಡವನ್ನು ಪರದೆಗೆ ಕಳಿಸುತ್ತದೆ. ಒಂದೊಂದು ಸಲ ತುಂಬಿದಾಗಲೂ ಒಂದೊಂದು ಗುಡ್ಡ. ಪಾಳಿ ಮುಗಿಯುವಷ್ಟರಲ್ಲಿ ಸಾವಿರಾರು. ಒತ್ತಡ ತಗ್ಗಿದರೆ ಲೋಟ ಆರುವಾಗ ಕುಗ್ಗುತ್ತದೆ, ಅದರ ಮೇಲಿನ ಅಳತೆ ಸುಳ್ಳಾಗುತ್ತದೆ. ಈ ಗೆರೆ ಕಾಯುವುದೇ ಕೆಲಸವಾದ್ದರಿಂದ ಜೊತೆಯವರ ಬಾಯಲ್ಲಿ ಅವರು ಗೆರೆಯಕ್ಕ.

ಗಂಡ-ಹೆಂಡತಿ ಪರಿಚಯವಾದದ್ದು ಇದೇ ಕಾರ್ಖಾನೆಯಲ್ಲಿ. ಗಂಡ ಅಚ್ಚು ಕೂರಿಸುವ ಫಿಟ್ಟರ್. ಆಕೆ ಲೋಟದ ಅಂಚಿಗೆ ಉಳಿದ ಪ್ಲಾಸ್ಟಿಕ್ಕನ್ನು ಚಾಕುವಿನಲ್ಲಿ ಹೆರೆಯುತ್ತಿದ್ದವರು. "ಅವರು ಅಚ್ಚು ಸರಿಯಾಗಿ ಕೂರಿಸ್ದೇ ಇದ್ರೆ ನನ್ನ ಬೆರಳು ಬೊಬ್ಬೆ. ಜಗಳದಿಂದ್ಲೇ ಶುರುವಾಗಿದ್ದು ನಮ್ದು," ಎಂದು ನಗುತ್ತಾರೆ. ಸೆನ್ಸರ್ ಬಂದಾಗ ಪಾಳಿಯ ಎಂಜಿನಿಯರ್ ಆಕೆಯನ್ನು ಗಾಜಿನ ಕೋಣೆಗೆ ಕರೆದು, ಪಕ್ಕದಲ್ಲೇ ಕೂತು ಗೆರೆ ಓದಲು ಕಲಿಸಿದರು. ಗಂಡನನ್ನು ಕಂಪನಿ ಆ ಹೊಸ ಕಾರ್ಖಾನೆಗೆ ಕಳಿಸಿತು. ಅಲ್ಲಿನ ಅಚ್ಚುಗಳಿಗೆ ಸೆನ್ಸರ್ ಕೂರಿಸಿ, ಒಂದು ಪಾಳಿ ಪೂರ್ತಿ ತಪ್ಪಿಲ್ಲದೆ ಓಡಿಸಿ ತೋರಿಸಿದರೆ ವಾಪಸು ಎಂಬ ಮಾತಿನ ಮೇಲೆ.

ಮಗಳು ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಮೆಟ್ಟಿಲು ಹಾರುತ್ತಾಳೆ. "ರಜೆಗೆ ಬಂದ್ರೆ ನೆಂಟರ ಹಾಗೆ, ಟವೆಲ್ ಎಲ್ಲಿದೆ ಅಂತ ಕೇಳ್ತಾರೆ ರೀ." ಅತ್ತೆ ಮಾತ್ರ ತಮಾಷೆ ಬಿಡುವುದಿಲ್ಲವಂತೆ: "ಗಂಡನ ಮೇಲೆ ಕಣ್ಣಿಡೋಕೆ ಸಂಬಳ ಕೊಡೋ ಕಂಪನಿ ನಿಂದೊಂದೇ ಕಣೇ."

ಆ ಪರೀಕ್ಷೆಯ ಪಾಳಿ ಕಳೆದ ತಿಂಗಳು ಬಂತು. ಬೆಳಿಗ್ಗೆ ಗಂಡ ಫೋನ್ ಮಾಡಿ, "ಇವತ್ತು ಆಗೋಗುತ್ತೆ ಕಣೇ, ಬಟ್ಟೆಬರೆ ಕಟ್ಟಿಟ್ಟಿದ್ದೀನಿ," ಎಂದಿದ್ದರು. ಮಧ್ಯಾಹ್ನದವರೆಗೂ ಗೆರೆ ಅಚ್ಚುಕಟ್ಟಾಗಿತ್ತು. ಆಮೇಲೆ ಗುಡ್ಡದ ನೆತ್ತಿ ಕೂದಲೆಳೆಯಷ್ಟು ತಗ್ಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೂದಲೆಳೆ. ಇನ್ನೂ ಮಿತಿಯೊಳಗೇ ಇತ್ತು. ಎಚ್ಚರಿಕೆಯ ದೀಪ ಹೊತ್ತಿರಲಿಲ್ಲ.

"ಕೈ ಫೋನ್ ಮೇಲೇ ಇತ್ತು. ಎತ್ತಕ್ಕಾಗ್ಲಿಲ್ಲ. ಇನ್ನೊಂಚೂರು ಹೊತ್ತು ಸುಮ್ನಿದ್ರೆ ಬಂದ್ಬಿಡ್ತಾರೆ ಅಂತ ಮನಸ್ಸು. ಮಗಳಿಗೆ ಜ್ವರ ಬಂದಾಗ ಇಂಥದೇ ಲೋಟದಲ್ಲಿ ಔಷಧಿ ಕುಡಿಸ್ತೀನಲ್ಲ... ಎತ್ತಿದೆ."

ಎಂಜಿನಿಯರ್ ಬಂದು ನೋಡಿದರು, ಯಂತ್ರ ನಿಲ್ಲಿಸಲು ಆ ಕಡೆಯವರಿಗೆ ಹೇಳಿದರು. ಮೂಲೆಯ ಪರದೆಯಲ್ಲಿ ಗೆರೆ ಮಲಗಿತು. ಯಂತ್ರದೊಳಗೆ ಪ್ಲಾಸ್ಟಿಕ್ ಹಿಂದಕ್ಕೆ ಸೋರದಂತೆ ತಡೆಯುವ ಉಂಗುರ ಸವೆದಿತ್ತು. ಹೊಸದು ಬರಬೇಕು, ಪರೀಕ್ಷೆ ಮೊದಲಿಂದ ಆಗಬೇಕು. ಕಟ್ಟಿಟ್ಟ ಬಟ್ಟೆ ಮತ್ತೆ ಬಿಚ್ಚಬೇಕು.

ಸಂಜೆ ಗಂಡನ ಫೋನ್ ಬಂತು. "ನಿನ್ ಕಣ್ಣಿಗೇ ಬೀಳ್ಬೇಕಿತ್ತೇನೇ ಅದು?" ಎಂದರು. ಹಿಂದೆಯೇ, "ಉಂಗುರ ಬಿಚ್ಚಿ ನೋಡ್ದೆ. ನಾನಾಗಿದ್ರೂ ನಿಲ್ಲಿಸ್ತಿದ್ದೆ ಬಿಡು," ಎಂದರು. "ಆಮೇಲೆ ಇಬ್ರೂ ಫೋನ್ ಇಡ್ಲಿಲ್ಲ," ಎಂದು ಗೆರೆಯಕ್ಕ ಪರದೆಯ ಕಡೆ ತಿರುಗುತ್ತಾರೆ.

ಹೊಸ ಉಂಗುರ ಇನ್ನೂ ದಾರಿಯಲ್ಲಿದೆ. ಅಲ್ಲಿಯವರೆಗೆ ಗಂಡ ಅಲ್ಲೇ ಸೆನ್ಸರ್ ಇರುವ ಇನ್ನೊಂದು ಯಂತ್ರದಲ್ಲಿ ಪಾಳಿ ಮಾಡುತ್ತಾರೆ, ಆಕೆ ಇಲ್ಲಿ ಗೆರೆ ಕಾಯುತ್ತಾರೆ. ಗಂಡ ವಾಪಸು ಬಂದ ಮೇಲೆ ಮೊದಲು ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರೆ, ಕಣ್ಣು ತೆಗೆಯದೆಯೇ ಯೋಚಿಸುತ್ತಾರೆ.

"ಏನೂ ಬೇಡ. ಒಂದು ಮಧ್ಯಾಹ್ನ ಅವರು ಮನೇಲಿ ಮಲಗಿರ್ಬೇಕು. ನಾನು ಪಕ್ಕದಲ್ಲಿ ಕೂತು ಅವರ ಗೊರಕೆ ಕೇಳ್ಬೇಕು. ಮೊದ್ಲು ಆ ಗೊರಕೆಗೇ ದಿಂಬು ಎಸೀತಿದ್ದೆ ನಾನು."