ಹಸಿರು ಬಳಿದ ಗೂಡ್ಸ್ ಡಬ್ಬಿಗಳು

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಪೀಣ್ಯದಲ್ಲಿರುವ ನನ್ನ ದೊಡ್ಡಪ್ಪನ ಮಗ ಸೂರಿಯ ವರ್ಕ್‌ಶಾಪಿನ ಶಟರ್ ಕೆಳಗೆ ನಾನು ನಿಂತಿದ್ದೆ. ನನ್ನ ಕೈ ಹಿಡಿದು ದೊಡ್ಡಮ್ಮ ನಿಂತಿದ್ದರು. ಮೊದಲು ಮೂಗಿಗೆ ಬಡಿದದ್ದು ಎನಾಮಲ್ ಪೇಂಟಿನ ವಾಸನೆ. ಹಬ್ಬಕ್ಕೆ ಮುಂಚೆ ಅಲ್ಲಿನ ಶೆಡ್ಡುಗಳಲ್ಲೆಲ್ಲ ಯಂತ್ರಗಳನ್ನು ಒರೆಸಿ ಹಸಿರು ಬಣ್ಣ ಬಳಿಯುತ್ತಾರೆ. ಚಿಕ್ಕಂದಿನಿಂದ ನನಗೆ ಹಬ್ಬವೆಂದರೆ ಆ ವಾಸನೆಯೇ. ಈಗ ಅದು ಬಂದರೆ ಮೂಗು ಮುಚ್ಚಿಕೊಂಡು ದಾಟುತ್ತೇನೆ.

ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ದೊಡ್ಡಪ್ಪನ ಮನೆ ಈಗಿಲ್ಲ. ಆ ಸಾಲನ್ನೇ ಕೆಡವಿದ್ದಾರೆ. ನಾವು ಭಾನುವಾರಗಳನ್ನು ಕಳೆಯುತ್ತಿದ್ದದ್ದು ಅಲ್ಲಿ. ಅಡುಗೆಮನೆಯಿಂದ ಹುಳಿಯ ಒಗ್ಗರಣೆ ಘಮ್ಮೆನ್ನುವಾಗ ದೊಡ್ಡಪ್ಪ ಚಾಪೆ ಹಾಸಿ, ಮಂಚದ ಕಾಲುಗಳನ್ನು ಸುತ್ತಿಬರುವಂತೆ ಪುಟ್ಟ ಹಳಿ ಜೋಡಿಸುತ್ತಿದ್ದರು. ಆಮೇಲೆ ಬೀರುವಿನಿಂದ ಒಂದೊಂದಾಗಿ ಇಳಿಯುತ್ತಿದ್ದವು, ಅಂಗೈಯಗಲದ ಮಾದರಿ ಗೂಡ್ಸ್ ರೈಲಿನ ಡಬ್ಬಿಗಳು. ಈಗ ಇಲ್ಲವಾದ ರೈಲು ಕಂಪನಿಗಳ ಬಣ್ಣಗಳಿದ್ದ ಡಬ್ಬಿಗಳನ್ನು ಅವರು ವರ್ಷಗಟ್ಟಲೆ ಹುಡುಕಿ ಕೂಡಿಹಾಕಿದ್ದರು. ಮಹಾರಾಜರ ಕಾಲದ್ದು ಡಿಕಾಕ್ಷನ್ ಬಣ್ಣ, ನಿಜಾಮರ ಸೀಮೆಯದು ಒಲೆಯ ಬೂದಿಯ ಬಣ್ಣ, ಬ್ರಿಟಿಷರ ಕಂಪನಿಯದು ಮಳೆಗೆ ನೆಂದ ಇಟ್ಟಿಗೆಯ ಬಣ್ಣ. ಪಕ್ಕಗಳಲ್ಲಿ ಇರುವೆಯಂಥ ಬಿಳಿ ಅಕ್ಷರಗಳು. ಧೂಳು ತೆಗೆಯಲು ಹಳೆಯ ಶೇವಿಂಗ್ ಬ್ರಷ್ ಮಾತ್ರ. ಒದ್ದೆ ಬಟ್ಟೆ ತಂದರೆ ಬೈಗುಳ. "ಹೊಸದು ಮಾಡೋಕೆ ಹೋಗ್ಬೇಡ ಕಣೋ. ಹಳೇದಾಗೋಕೆ ಅದು ಎಷ್ಟು ಕಷ್ಟಪಟ್ಟಿದೆ!" ಎನ್ನುತ್ತಿದ್ದರು. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಇಟ್ಟ ಬೆರಳನ್ನು ಒರೆಸಿಕೊಂಡೇ ಡಬ್ಬಿಗಳ ಹತ್ತಿರ ಬರುತ್ತಿದ್ದರು. ಅವುಗಳ ಕುಂಕುಮವನ್ನು ಅವು ಕೂತ ಹಲಗೆಗೆ ಇಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಡಬ್ಬಿಗಳು ಸೂರಿಯ ಬಳಿ ಉಳಿದವು. ಆ ಸಲ ಅವನ್ನು ವರ್ಕ್‌ಶಾಪಿನಲ್ಲಿಟ್ಟು ಪೂಜೆ ಮಾಡುತ್ತೇನೆಂದು ಅವನು ಹೇಳಿದ್ದಕ್ಕೇ ದೊಡ್ಡಮ್ಮ ನೋಡಬೇಕೆಂದು ಹೊರಟದ್ದು.

ಲೇತ್ ಯಂತ್ರದ ಪಕ್ಕದ ಮೇಜಿನ ಮೇಲೆ ಅವು ಸಾಲಾಗಿದ್ದವು. ಎಲ್ಲವೂ ಹಸಿರು. ಲೇತಿನದೇ ಹಸಿರು. ಬಣ್ಣ ಬಾಗಿಲಿನ ಸಂದುಗಳಲ್ಲಿ ಇಳಿದು ತುಂಬಿಕೊಂಡಿತ್ತು, ಚಕ್ರಗಳ ಕೆಳಗೆ ಸಿಂಬಳದಂತೆ ತೊಟ್ಟಿಕ್ಕಿ ನಿಂತಿತ್ತು.

"ಹೆಂಗಿದೆ ಮಗಾ? ತುಕ್ಕು ಹಿಡಿದಂಗಿತ್ತಲ್ಲ. ಎರಡು ಕೋಟ್ ಹೊಡೆಸ್ದೆ," ಎಂದ ಸೂರಿ.

"ಒಂದನ್ನಾದ್ರೂ ಬಿಡ್ಬಾರ್ದಿತ್ತಾ?" ಎಂದೆ ನಾನು.

"ಹಬ್ಬಕ್ಕೆ ಮಂಕು ಬಣ್ಣ ಇಡ್ತಾರೇನೋ? ಅಪ್ಪ ಇದ್ದಿದ್ರೆ ಖುಷಿಯಾಗ್ತಿದ್ರು."

ಅವನು ಅದನ್ನು ನಂಬಿಯೇ ಹೇಳಿದ. ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಅದೇ. ಇದನ್ನು ತೆಗೆಯಲು ಬರುತ್ತದೆಯೇ ಎಂದು ಅಲ್ಲೇ ಬ್ರಷ್ ತೊಳೆಯುತ್ತಿದ್ದ ಪೇಂಟರನ್ನು ಕೇಳಿದೆ. "ಥಿನ್ನರ್ ಹಾಕಿದ್ರೆ ಬತ್ತದೆ ಸಾರ್. ಕೆಳಗಿರೋದೂ ಜೊತೇಲೇ ಬತ್ತದೆ," ಎಂದ.

ದೊಡ್ಡಮ್ಮ ಒಂದು ಡಬ್ಬಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು, ಇನ್ನೊಂದನ್ನು ಎತ್ತಿದರು. "ಕಾಫಿ ಬಣ್ಣದ್ದು ಯಾವ್ದೋ, ಸೂರಿ?"

"ಎಲ್ಲಾ ಒಂದೇ ಈಗ, ಅಮ್ಮಾ. ಮಷೀನ್‌ಗೆ ಮ್ಯಾಚಿಂಗ್."

ದೊಡ್ಡಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಬೆರಳಿಗೆ ಹತ್ತಿದ ಹಸಿಬಣ್ಣವನ್ನು ಸೆರಗಿಗೆ ಒರೆಸಿಕೊಂಡರು. ಹೊರಡುವಾಗ ಸೂರಿ ಕಡ್ಲೆಪುರಿಯ ಪೊಟ್ಟಣ ಕೊಟ್ಟ. ಬಾಯಿಗೆ ಹಾಕಿಕೊಂಡ ಒಂದು ಹಿಡಿ ಪುರಿಯೂ ಪೇಂಟಿನ ರುಚಿ ಹೊಡೆಯಿತು. ರಸ್ತೆಯ ಪಕ್ಕ ಉಗಿದೆ. ದೊಡ್ಡಮ್ಮ ಆ ಸೀರೆಯನ್ನು ಈಗಲೂ ಉಡುತ್ತಾರೆ. ಸೆರಗಿನ ಹಸಿರು ಹೋಗಿಲ್ಲ.

ಆ ಮನೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಆ ಬಣ್ಣಗಳನ್ನು ಕಂಡವರು ಈಗ ಮೂವರೇ ಉಳಿದಿದ್ದೇವೆ. ದೊಡ್ಡಮ್ಮ ಇದ್ದಾರೆ. ನಾನಿದ್ದೇನೆ. ಸೂರಿಯೂ ಕಂಡಿದ್ದಾನೆ, ಚಾಪೆಯ ಮೇಲೆ ನನಗೆ ಭುಜ ತಾಗಿಸಿಕೊಂಡೇ ಕೂತಿರುತ್ತಿದ್ದ.