ಸಾಹೇಬರು ಬರುವ ಮುಂಚೆ ತೊಳೆದ ಹೂದೋಟ

ಕಳೆದ ವಾರ ನನ್ನ ತಂಗಿಯ ಮನೆಯ ಹೂದೋಟ ಒಂದು ಸರಕಾರಿ ವರದಿಯಲ್ಲಿ ‘ಹಚ್ಚ ಹಸಿರು’ ಎಂದು ದಾಖಲಾಯಿತು. ಸಂತೋಷಪಡಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು.

ತಂಗಿ ವಿಜಯಾ ಇರುವುದು ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ, ಅದಿರು ಲಾರಿಗಳು ಓಡುವ ರಸ್ತೆಯ ಪಕ್ಕದಲ್ಲೇ. ಅಂಗಳದಲ್ಲಿ ಎರಡು ಸಾಲು ದುಂಡುಮಲ್ಲಿಗೆ, ಬೇಲಿಗುಂಟ ಕನಕಾಂಬರ, ಮೂಲೆಯಲ್ಲೊಂದು ಮಾವು. ಮೊದಲು ಮಲ್ಲಿಗೆ ಮೂರು ಸಾಲಿತ್ತು. ಒಂದು ಸಾಲು ಹೋದ ವರ್ಷ ಒಣಗಿತು.

ಏಕೆಂದು ಕೇಳುತ್ತೀರಾ? ಚೈತ್ರದಲ್ಲಿ ಗಿಡ ಚಿಗುರುತ್ತದೆ, ಎಳೆಯ ಎಲೆಯ ಮೇಲೆ ಅದೇ ದಿನ ಕೆಂಪು ಧೂಳು ಕೂರುತ್ತದೆ. ಮೊಗ್ಗಿನ ಮೇಲೂ ಕೂರುತ್ತದೆ. ತೊಳೆಯದಿದ್ದರೆ ಮುಡಿಯಲಾಗದು, ತೊಳೆದರೆ ಸಂಜೆಯೊಳಗೆ ಕಂದುತ್ತದೆ. ಹೀಗಾಗಿ ಆ ಬೀದಿಯ ಹೆಂಗಸರು ದಿನಾ ಬೆಳಿಗ್ಗೆ ಪಾತ್ರೆ ತೊಳೆದಂತೆ ಗಿಡ ತೊಳೆಯುತ್ತಾರೆ. (ಈ ದುಡಿಮೆಯನ್ನು ಯಾವ ಗಣಿ ಕಂಪನಿ ಲೆಕ್ಕಕ್ಕೆ ಹಿಡಿದಿದೆ?) ಲಾರಿಗಳ ಮೇಲೆ ತಾಡಪಾಲು ಹೊದಿಸಬೇಕೆಂಬ ನಿಯಮವಿದೆ. ತಾಡಪಾಲೂ ಇದೆ, ಮಡಚಿದಂತೆಯೇ ಇದೆ.

ವಿಜಯಾ ದೂರು ಕೊಟ್ಟಳು. ಅದನ್ನು ಬರೆದದ್ದು ನಾವಿಬ್ಬರೂ ಕೂಡಿ. ಬಹಳ ಓಡಾಟದ ನಂತರ ಅಧಿಕಾರಿಯೊಬ್ಬರು ಪರಿಶೀಲನೆಗೆ ಬರುವ ದಿನ ಗೊತ್ತಾಯಿತು. ಉಳಿದ ಎರಡು ಸಾಲು ಉಳಿಯುವುದೂ ಅಳಿಯುವುದೂ ಆ ಭೇಟಿಯ ಮೇಲಿತ್ತು. ಎಂಟು ದಿನ ಗಿಡಗಳಿಗೆ ನೀರನ್ನು ಬುಡಕ್ಕಷ್ಟೇ ಹಾಕು, ಎಲೆ ಮುಟ್ಟಬೇಡ, ಧೂಳು ಅವರ ಕಣ್ಣಿಗೆ ಬೀಳಲಿ ಎಂದು ನಾನೇ ಹೇಳಿದ್ದೆ. ಆಕೆ ಹಲ್ಲು ಕಚ್ಚಿ ಹಾಗೇ ಬಿಟ್ಟಳು.

ಆ ದಿನ ಹೊಸಪೇಟೆಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಇಳಿದಾಗಲೇ ಅನುಮಾನ. ರಸ್ತೆಗೆ ಟ್ಯಾಂಕರಿನಲ್ಲಿ ನೀರು ಹೊಡೆದಿದ್ದರು. ಒಂದಾದರೂ ಲಾರಿ? ಇಲ್ಲ. ಪರಿಶೀಲನೆಯ ಸುದ್ದಿ ಗಣಿಗೆ ಮುಟ್ಟಿಸಿದವರು ಯಾರು?

ಗೇಟು ತೆಗೆದವನು ಅಲ್ಲೇ ನಿಂತುಬಿಟ್ಟೆ. ಮಲ್ಲಿಗೆ ಎಲೆಗಳು ಥಳಥಳ ಹೊಳೆಯುತ್ತಿದ್ದವು. ಕನಕಾಂಬರ ಆಗಷ್ಟೇ ಸ್ನಾನ ಮುಗಿಸಿದಂತಿತ್ತು. ವಿಜಯಾಳ ಅತ್ತೆ ನೀಲಮ್ಮ, ಎಪ್ಪತ್ತು ದಾಟಿದವರು, ಪೈಪು ಸುತ್ತಿಡುತ್ತಿದ್ದರು.

“ಅತ್ತೀ, ಎಂಥಾ ಕೆಲಸ ಮಾಡಿದ್ರಿ!” ಸ್ನಾನಕ್ಕೆ ಹೋಗಿದ್ದ ವಿಜಯಾ ಒದ್ದೆ ಕೂದಲಲ್ಲೇ ಓಡಿಬಂದಳು.

“ಏನ್ ಮಾಡೀನವ್ವಾ? ಮನಿಗೆ ದೊಡ್ಡ ಸಾಹೇಬ್ರು ಬರ್ತಾರ ಅಂದಿ. ಹೊಲಸಿನಾಗ ಕುರ್ಚಿ ಹಾಕಿ ಕುಂದ್ರಸ್ಲೇನು? ನೋಡಿದ ಮಂದಿ ನಿನಗ ಮೈಗಳ್ಳಿ ಅಂತಾರ!”

ಮನೆಗೆ ಯಾರಾದರೂ ಬರುವ ಮುಂಚೆ ಅಂಗಳ ತೊಳೆಯಬೇಕೆಂದು ಹುಟ್ಟಿದಾಗಿನಿಂದ ಕಲಿತ ಜೀವ ಅದು. ಮನೆ ಹೊಲಸಾಗಿದೆಯೆಂದು ತೋರಿಸಿದರೆ ಮಾತ್ರ ನ್ಯಾಯ ಸಿಗುತ್ತದೆಂದು ಅವರಿಗೆ ವಿವರಿಸಿ ಹೇಳುವ ಯೋಚನೆ ನಮಗಿಬ್ಬರಿಗೂ ಬಂದಿರಲಿಲ್ಲ. ಪೇಪರಿನಲ್ಲಿ ಬರೆಯುವ ನನ್ನ ಬುದ್ಧಿ ಇಷ್ಟೇ.

ಸಾಹೇಬರು ಜೀಪಿನಿಂದ ಇಳಿದರು, ಸುತ್ತ ನೋಡಿದರು, ನಕ್ಕರು.

“ಎಲ್ಲೈತ್ರಿ ನಿಮ್ಮ ಧೂಳು? ಗಾರ್ಡನ್ ಭಾಳ ಮಸ್ತ್ ಇಟ್ಟೀರಿ.”

“ತೊಳದಾರ್ರೀ ಸರ. ಮ್ಯಾಲೆ ನೋಡ್ರಿ, ಮಾವಿನ ತುದಿ. ಅಲ್ಲಿಗೆ ಪೈಪಿನ ನೀರು ಹೋಗಿಲ್ಲ, ಹಂಗ ಕೆಂಪಗ ಐತಿ,” ಎಂದಳು ವಿಜಯಾ.

“ಅದು ಚಿಗುರ್ರೀ! ಈ ದಿನದಾಗ ಮಾವು ಕೆಂಪಗ ಚಿಗುರತೈತಿ. ಗಿಡ ಸಾಕಾಕಿ ನೀವು, ಅಷ್ಟೂ ಗೊತ್ತಿಲ್ಲೇನು?”

“ಚಿಗುರು ಮುಟ್ಟಿದ್ರ ಕೈ ಕೆಂಪಗ ಆಗತೈತೇನ್ರಿ? ಏಣಿ ತರ್ತೀನಿ, ಹತ್ತಿ ಮುಟ್ಟಿ ನೋಡ್ರಿ.”

“ಏಣಿ ಹತ್ತಾಕ ನನಗ ಆರ್ಡರ್ ಇಲ್ರೀ.” ಅವರ ಸಹಾಯಕ ಕಿಸಕ್ಕನೆ ನಕ್ಕ.

ನಾನು ಬಾಯಿ ಹಾಕಿದೆ. ಸಂಜೆಯವರೆಗೆ ಇರಿ, ಲಾರಿಗಳು ಬರಲಿ, ಇವೇ ಎಲೆಗಳನ್ನು ಆಗ ನೋಡಿ ಎಂದೆ. ದೂರು ಬಂದಿರುವುದು ಮನೆಯ ಗಿಡದ ಬಗ್ಗೆ, ರಸ್ತೆ ಬೇರೆ ಸೆಕ್ಷನ್ನಿಗೆ ಸೇರಿದ್ದು ಎಂದರು. ಎಲೆ ಇಲ್ಲಿಯದಂತೆ, ಧೂಳು ಅಲ್ಲಿಯದಂತೆ! ನಡುವಿನ ಗಾಳಿ ಯಾವ ಸೆಕ್ಷನ್ನಿನದು ಸ್ವಾಮಿ? ಸಾಹೇಬರು ನೀಲಮ್ಮ ಕೊಟ್ಟ ಚಹಾ ಕುಡಿದರು, ‘ಗಿಡಗಳು ಹಚ್ಚ ಹಸಿರಾಗಿವೆ, ದೂರಿನಲ್ಲಿ ಹುರುಳಿಲ್ಲ’ ಎಂದು ಬರೆದರು, ಹೊರಟರು.

ಮೊದಲೇ ದಿನ ತಿಳಿಸಿ ಬರುವುದು ಪರಿಶೀಲನೆಯಲ್ಲ, ನೆಂಟಸ್ತನ. ಧೂಳು ಎರಚಿದವನು ತಾಡಪಾಲು ಹೊದಿಸಿದ್ದೇನೆಂದು ರುಜುವಾತು ಕೊಡಬೇಕಿಲ್ಲ. ಧೂಳು ತಿಂದವಳು ಎಂಟು ದಿನ ತನ್ನ ಗಿಡಗಳನ್ನು ಉಸಿರುಗಟ್ಟಿಸಿ ರುಜುವಾತು ಕಾಯ್ದಿಡಬೇಕು. ಇದು ಆ ಒಬ್ಬ ಅಧಿಕಾರಿಯ ಸೋಮಾರಿತನವೆಂದು ನಾನು ನಂಬಲಾರೆ. ನೊಂದವರ ಕೈಯಲ್ಲೇ ಪೊರಕೆ ಕೊಟ್ಟು, ಗುಡಿಸಿದ ಮೇಲೆ ಕಸವೆಲ್ಲಿ ಎಂದು ಕೇಳುವ ಇಡೀ ವ್ಯವಸ್ಥೆಯ ಚಾಳಿ.

ಮಧ್ಯಾಹ್ನ ಮೂರಕ್ಕೆ ಲಾರಿಗಳು ಶುರುವಾದವು. ನಾಲ್ಕರ ಹೊತ್ತಿಗೆ ಬೆರಳಲ್ಲಿ ಎಲೆಯ ಮೇಲೆ ಹೆಸರು ಬರೆಯಬಹುದಿತ್ತು. ಫೋಟೊ ತೆಗೆದೆವು, ಹೊಸ ದೂರು ಬರೆದೆವು. ಈ ಸಲ ಬೀದಿಯ ಹನ್ನೊಂದು ಮನೆಯ ಹೆಂಗಸರು ಸಹಿ ಹಾಕಿದ್ದಾರೆ.

ನೀಲಮ್ಮನೂ ಹಾಕಿದರು. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು: “ನನ್ನದ ತಪ್ಪಾತೇನಪ್ಪಾ? ಇನ್ನ ಮ್ಯಾಲೆ ಅವರು ಬರೋ ದಿನ ಅಂಗಳ ತೊಳೆಯಂಗಿಲ್ಲ, ಹೌದಲ್ಲ?”

ಜೀವಮಾನವಿಡೀ ಮನೆ ಚೊಕ್ಕಟವಾಗಿಟ್ಟ ಹೆಂಗಸು ತಪ್ಪೊಪ್ಪಿಕೊಳ್ಳುವಂತೆ ಮಾಡಿದವರಲ್ಲಿ ಯಾರೊಬ್ಬರಾದರೂ ಒಮ್ಮೆ ಆಕೆಯ ಎದುರು ನಿಂತು ಉತ್ತರ ಕೊಡುತ್ತಾರೆಯೇ?